ಯಾರು ಕಳಿಸಿದ್ದು, ಯಾರ ದುಡ್ಡು, ಯಾವಾಗ ವಾಪಸ್: ವಿದೇಶಕ್ಕೆ ವರದಿಗೆ ಹೊರಡುವವರ ವೀಸಾ

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾಯಿತು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಂಡಿದ್ದ ಹಕ್ಕಿಪಿಕ್ಕಿ ಜನರಲ್ಲಿ ನಮ್ಮ ಹುಣಸೂರು ತಾಲ್ಲೂಕಿನವರೂ ಇದ್ದರು. ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಗೆ, ಅಲ್ಲಿಂದ ಇಲ್ಲಿಗೆ ಕರೆತಂದ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ಆಪರೇಷನ್ ಕಾವೇರಿ. ಹೆಸರು ನಮ್ಮ ಹೊಳೆಯದು, ಜನ ನಮ್ಮ ತಾಲ್ಲೂಕಿನವರು, ಸುದ್ದಿ ಮಾತ್ರ ಆಫ್ರಿಕಾದಲ್ಲಿ. ನಾವು ಇಲ್ಲಿ ಕೂತು ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ವರದಿ ಬರೆದೆವು.

ಆಗ ಆಫೀಸಿನ ಹುಡುಗನೊಬ್ಬ ಕೇಳಿದ, "ಸಾರ್, ನಾವೇ ಹೋಗಬೇಕು ಅಂದ್ರೆ ಯಾವ ವೀಸಾ ತಗೋಬೇಕು?" ಯಾರಿಗೂ ಗೊತ್ತಿರಲಿಲ್ಲ. ಯುದ್ಧದ ಮಾತು ಬಿಡಿ, ಹೊರದೇಶದ ಒಂದು ಡೇರಿ ನೋಡಿ ಬರೆದುಕೊಂಡು ಬರಲು ಏನು ಕಾಗದ ಬೇಕು ಅನ್ನುವುದೂ ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಬೆಂಗಳೂರಿನ ದೊಡ್ಡ ಪತ್ರಿಕೆಗಳಲ್ಲಿ ಅದಕ್ಕೇ ಅಂತ ಆಡಳಿತ ವಿಭಾಗ ಇರುತ್ತದೆ. ಮಂಡ್ಯದ ನಾಲ್ಕು ಪುಟದ ಪತ್ರಿಕೆಯಲ್ಲಿ ಸಂಪಾದಕರೇ ಜಾಹೀರಾತು ತರುವವರು, ಅವರೇ ಪ್ರೂಫ್ ನೋಡುವವರು. ವೀಸಾ ಯಾರು ನೋಡುತ್ತಾರೆ?

ಆಮೇಲೆ ನಾನು ಮೂರು ಸಲ ಹೊರಗೆ ಹೋಗಿ ಬಂದೆ, ಒಂದು ಸಲ ವೀಸಾ ಸಿಗದೆ ಮನೆಯಲ್ಲೇ ಉಳಿದೆ. ಜಾಸ್ತಿ ಕಲಿತದ್ದು ಆ ಸಿಗದಿದ್ದ ಸಲವೇ. ಅದನ್ನು ಮುಂದೆ ಹೇಳುತ್ತೇನೆ. ಫೀಸು, ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ದುಡ್ಡು ಕಟ್ಟುವ ಮೊದಲು ಆಯಾ ದೇಶದ ಅಧಿಕೃತ ವೆಬ್‌ಸೈಟ್ ಒಮ್ಮೆ ನೋಡಿ.

ಟೂರಿಸ್ಟ್ ವೀಸಾ ಸಾಕಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸುಮ್ನೆ ಟೂರಿಸ್ಟ್ ಅಂತ ಹೋಗಿ, ನಾಲ್ಕು ಜನರನ್ನು ಮಾತಾಡಿಸಿ ಬಂದರೆ ಯಾರಿಗೆ ಗೊತ್ತಾಗುತ್ತದೆ? ಗೊತ್ತಾಗುತ್ತದೆ. ನಿಮ್ಮ ಹೆಸರು ಹುಡುಕಿದರೆ ಬೈಲೈನ್, ಅಂದರೆ ವರದಿಯ ಜೊತೆ ಅಚ್ಚಾದ ನಿಮ್ಮ ಹೆಸರು, ಸಿಗುತ್ತದೆ. ಫೇಸ್‌ಬುಕ್‌ನಲ್ಲಿ ಕೆಆರ್‌ಎಸ್ ಮುಂದೆ ಮೈಕು ಹಿಡಿದು ನಿಂತ ಫೋಟೋ ಇರುತ್ತದೆ. ಬ್ಯಾಗಿನಲ್ಲಿ ಎರಡು ಕ್ಯಾಮೆರಾ, ಕಾಲರ್ ಮೈಕು, ಟ್ರೈಪಾಡ್. ಇಮಿಗ್ರೇಷನ್ ಅಧಿಕಾರಿಗೆ ಅನುಮಾನ ಬರಲು ಇನ್ನೇನು ಬೇಕು ಹೇಳಿ.

ಸಿಕ್ಕಿಬಿದ್ದರೆ ಅಲ್ಲಿಂದಲೇ ವಾಪಸ್ ಕಳಿಸಬಹುದು, ಮುಂದೆ ಬೇರೆ ದೇಶದ ಅರ್ಜಿಯಲ್ಲೂ "ಹಿಂದೆ ಎಲ್ಲಾದರೂ ಪ್ರವೇಶ ನಿರಾಕರಿಸಿದ್ದಾರಾ?" ಅನ್ನುವ ಪ್ರಶ್ನೆಗೆ ಹೌದು ಅಂತ ಬರೆಯುತ್ತಲೇ ಇರಬೇಕು. ಅದು ನಿಮ್ಮ ಕಷ್ಟ, ಹೇಗೋ ನುಂಗಿಕೊಳ್ಳಬಹುದು. ಆದರೆ ಅಲ್ಲಿ ನಿಮ್ಮ ಜೊತೆ ಮಾತಾಡಿದವರು, ಕಾರು ಓಡಿಸಿದವರು, ಭಾಷಾಂತರ ಮಾಡಿಕೊಟ್ಟವರು ಆ ದೇಶದಲ್ಲೇ ಇರಬೇಕಲ್ವಾ? ಕೆಲವು ದೇಶಗಳಲ್ಲಿ ಅನುಮತಿ ಇಲ್ಲದ ಪತ್ರಕರ್ತನ ಜೊತೆ ಓಡಾಡಿದ್ದಕ್ಕೆ ಪೊಲೀಸರು ಅವರ ಮನೆ ಬಾಗಿಲಿಗೆ ಹೋಗುತ್ತಾರೆ. ನಾವು ವಿಮಾನ ಹತ್ತಿರುತ್ತೇವೆ.

ಅಮೆರಿಕದ ನಿಯಮ ಈ ವಿಷಯದಲ್ಲಿ ನೇರವಾಗಿದೆ. ವಿದೇಶಿ ಮಾಧ್ಯಮದವರು ಅಲ್ಲಿ ವರದಿಗಾರಿಕೆ ಮಾಡಬೇಕಾದರೆ ಐ ವೀಸಾ ಬೇಕು, ಪ್ರವಾಸ ಮತ್ತು ವ್ಯವಹಾರಕ್ಕೆ ಕೊಡುವ ಬಿ ವೀಸಾ ನಡೆಯುವುದಿಲ್ಲ. ನಮ್ಮ ಕಡೆಯವರಿಗೆ ಇಲ್ಲೊಂದು ಗೊಂದಲ ಬರುತ್ತದೆ. ಅಮೆರಿಕದ ಕನ್ನಡಿಗರ ಅಕ್ಕ ಸಮ್ಮೇಳನಕ್ಕೆ ಮೈಸೂರಿನಿಂದ ಯಾರಾದರೂ ಪತ್ರಕರ್ತರು ಹೊರಡುವುದು ಉಂಟು. ಅತಿಥಿಯಾಗಿ ಹೋಗಿ, ಸಭೆಯಲ್ಲಿ ಕೂತು, ಊಟ ಮಾಡಿ ಬರುವುದಾದರೆ ಬಿ ವೀಸಾ ಸಾಕು. ಅಲ್ಲಿಂದ ದಿನಾ ವರದಿ ಕಳಿಸುವುದು, ಜನರನ್ನು ಸಂದರ್ಶನ ಮಾಡುವುದು ಇದ್ದರೆ ಅದು ಐ ವೀಸಾದ ಕೆಲಸ. ತಂಗಿ ಮನೆಗೆ ಹೋದವರು "ಹೇಗೂ ಬಂದಿದ್ದೀನಿ, ಎರಡು ಸ್ಟೋರಿ ಮಾಡ್ತೀನಿ" ಅನ್ನುವುದೂ ಇದೇ ಗೆರೆ ದಾಟಿದ ಹಾಗೆ.

ಬ್ರಿಟನ್ ಹಾಗಲ್ಲ. ಅಲ್ಲಿ ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲೇ, ಹೊರದೇಶದ ಪತ್ರಿಕೆಗೋ ಚಾನೆಲ್‌ಗೋ ಕೆಲಸ ಮಾಡುವ ಪತ್ರಕರ್ತರು ಮಾಹಿತಿ ಸಂಗ್ರಹಿಸಬಹುದು ಅಂತ ನಿಯಮದಲ್ಲೇ ಬರೆದಿದೆ. ಬ್ರಿಟನ್ನಿನ ಸಂಸ್ಥೆಗೆ ಕೆಲಸ ಮಾಡುವ ಹಾಗಿಲ್ಲ, ಅಷ್ಟೆ. ಕೆನಡಾದಲ್ಲೂ ವಿದೇಶಿ ಸುದ್ದಿಸಂಸ್ಥೆಯ ವರದಿಗಾರರು ವರ್ಕ್ ಪರ್ಮಿಟ್ ಇಲ್ಲದೆ ವಿಸಿಟರ್ ವೀಸಾದಲ್ಲಿ ಸುದ್ದಿ ಮಾಡಬಹುದು. ಅಂದರೆ "ಜರ್ನಲಿಸ್ಟ್ ವೀಸಾ" ಅನ್ನುವ ಹೆಸರಿನದು ಎಲ್ಲ ಕಡೆ ಇರುವುದಿಲ್ಲ. ಅರ್ಜಿಯಲ್ಲಿ ಕೆಲಸ "ಪತ್ರಕರ್ತ", ಉದ್ದೇಶ "ವರದಿಗಾರಿಕೆ" ಅಂತ ನಿಜ ಬರೆದು, ಆ ದೇಶ ಯಾವ ವೀಸಾ ಹೇಳುತ್ತದೋ ಅದನ್ನೇ ತಗೊಳ್ಳಬೇಕು.

ಇದೇನು ಅವರ ಕೊಬ್ಬು ಅಂತ ಬೈಯುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಭಾರತಕ್ಕೆ ವರದಿಗೆ ಬರುವ ವಿದೇಶಿ ಪತ್ರಕರ್ತರು ಜೆ ವೀಸಾ ತರಬೇಕು. ಒಸಿಐ ಕಾರ್ಡ್ ಇದ್ದವರೂ, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರೂ, ಇಲ್ಲಿ ಪತ್ರಿಕಾ ಕೆಲಸ ಮಾಡಬೇಕಾದರೆ ವಿಶೇಷ ಅನುಮತಿ ಪಡೆಯಬೇಕು ಅಂತ 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಇನ್ನು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ಟಿಬೆಟನ್ ಶಿಬಿರದಲ್ಲಿ ಉಳಿಯಬೇಕಾದರೆ ವಿದೇಶಿಯರು ವೀಸಾ ಮೇಲೆ ಇನ್ನೊಂದು ಪಿಎಪಿ, ಅಂದರೆ ಸಂರಕ್ಷಿತ ಪ್ರದೇಶದ ಪರವಾನಗಿ, ತರಬೇಕು. ನಾವು ಬೈಕ್ ಹತ್ತಿ ಗೋಲ್ಡನ್ ಟೆಂಪಲ್ ನೋಡಿಕೊಂಡು ಬರುವ ಜಾಗ ಅದು.

ಫೈಲು ಅಂದರೆ ಪತ್ರಗಳು

ವೀಸಾ ಅಧಿಕಾರಿಯ ತಲೆಯಲ್ಲಿ ಇರುವುದು ಮೂರೇ ಪ್ರಶ್ನೆ. ಇವನನ್ನು ಯಾರು ಕಳಿಸಿದ್ದು? ಯಾರ ದುಡ್ಡು? ಯಾವಾಗ ವಾಪಸ್ ಹೋಗುತ್ತಾನೆ? ನೀವು ಕೊಡುವ ಪ್ರತಿ ಕಾಗದವೂ ಇದರಲ್ಲಿ ಒಂದಕ್ಕೆ ಉತ್ತರ ಆಗಿರಬೇಕು. ಯಾವುದಕ್ಕೂ ಉತ್ತರ ಅಲ್ಲದ ಸನ್ಮಾನದ ಫೋಟೋ, ಶಾಲು ಹೊದಿಸಿದ ಪ್ರಶಸ್ತಿಪತ್ರ ಮನೆಯಲ್ಲೇ ಇರಲಿ.

ಮೊದಲನೇ ಪ್ರಶ್ನೆಗೆ ಉತ್ತರ ಸಂಪಾದಕರ ಪತ್ರ. ಇಡೀ ಫೈಲಿನ ಬೆನ್ನೆಲುಬು ಇದೇ. ನಮ್ಮ ಕಡೆ ಇದನ್ನು ರಜೆ ಚೀಟಿ ತರಹ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಒಂದು ಪೂರ್ತಿ ಪುಟ ಇರಲಿ, ಇಂಗ್ಲಿಷಿನಲ್ಲಿರಲಿ, ಲೆಟರ್‌ಹೆಡ್ ಮೇಲಿರಲಿ. ನೀವು ಎಷ್ಟು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದೀರಿ, ಏನು ಹುದ್ದೆ, ಎಷ್ಟು ಸಂಬಳ. ಯಾವ ವಿಷಯದ ಮೇಲೆ ವರದಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಊರುಗಳು, ಯಾರನ್ನು ಭೇಟಿ ಮಾಡುತ್ತೀರಿ. ಖರ್ಚು ಪತ್ರಿಕೆಯದೋ ನಿಮ್ಮದೋ. ವರದಿ ಎಲ್ಲಿ ಪ್ರಕಟ ಆಗುತ್ತದೆ. ವಾಪಸ್ ಬಂದು ಯಾವ ದಿನ ಕೆಲಸಕ್ಕೆ ಹಾಜರಾಗಬೇಕು. ಕೆಳಗೆ ಸಂಪಾದಕರ ಹೆಸರು, ಸಹಿ, ಸೀಲು, ಫೋನ್ ನಂಬರು. ಆ ನಂಬರಿಗೆ ಫೋನ್ ಬಂದರೆ ಎತ್ತುವವರು ಬೇಕು, ಎತ್ತಿದವರಿಗೆ ನೀವು ಹೋಗುತ್ತಿರುವುದು ಗೊತ್ತಿರಬೇಕು. ನನ್ನ ಗೆಳೆಯನೊಬ್ಬನ ವಿಷಯದಲ್ಲಿ ವಿಚಾರಣೆಗೆ ಫೋನ್ ಬಂದಾಗ ಎತ್ತಿದ ಹುಡುಗ "ಅವ್ರು ಪಾಂಡವಪುರಕ್ಕೆ ಹೋಗವ್ರೆ, ಸಂಜೆ ಮಾಡಿ" ಅಂದಿದ್ದ. ಪುಣ್ಯಕ್ಕೆ ಸಂಜೆ ಮತ್ತೆ ಫೋನ್ ಬಂತು.

ಪತ್ರಿಕೆ ಚಿಕ್ಕದು ಅಂತ ಹಿಂಜರಿಯಬೇಡಿ. ಮೈಸೂರು ಒಂದು ಸಂಸ್ಕೃತ ದಿನಪತ್ರಿಕೆಯನ್ನು 1970ರಿಂದ ನಡೆಸಿಕೊಂಡು ಬಂದ ಊರು, ಪ್ರಸಾರ ಸಂಖ್ಯೆ ನೋಡಿ ಪತ್ರಿಕೆಯ ಯೋಗ್ಯತೆ ಅಳೆಯುವ ಅಭ್ಯಾಸ ನಮಗಿಲ್ಲ. ಆದರೆ ಹೊರಗಿನವನಿಗೆ ಪತ್ರಿಕೆ ನಿಜವಾಗಿ ಇದೆ ಅನ್ನುವ ಪುರಾವೆ ಕೊಡಬೇಕು. ನೋಂದಣಿ ಪ್ರಮಾಣಪತ್ರದ ನಕಲು ಹಾಕಿ. ಹಿಂದೆ ಆರ್‌ಎನ್‌ಐ ಅಂತಿದ್ದ ಪತ್ರಿಕೆಗಳ ನೋಂದಣಿ ಕಚೇರಿ 2023ರ ಹೊಸ ಕಾಯ್ದೆ ಬಂದ ಮೇಲೆ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿ ಆಗಿದೆ, ಹಳೆಯ ಆರ್‌ಎನ್‌ಐ ನಂಬರಿನ ಪ್ರಮಾಣಪತ್ರವನ್ನೇ ಕೊಡಿ, ತೊಂದರೆ ಇಲ್ಲ. ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡ್ ಇದ್ದರೆ ಅದರ ನಕಲು. ಇಲ್ಲದಿದ್ದರೆ ಸಂಸ್ಥೆಯ ಗುರುತಿನ ಚೀಟಿ, ಸಂಬಳದ ಚೀಟಿ. ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಜೆ ಕೊಡುವ ಪ್ರೆಸ್ ಕಾರ್ಡ್ ಎರಡು ವರ್ಷ ನಡೆಯುತ್ತದೆ, ಅದರ ಸದಸ್ಯ ಸಂಘಟನೆಗಳ ಮೂಲಕ ಸಿಗುತ್ತದೆ. ಹೊರಗೆ ಗುರುತು ಹೇಳಿಕೊಳ್ಳಲು ಒಳ್ಳೆಯದು. ವೀಸಾ ಬದಲಿಗೆ ಮಾತ್ರ ಬರುವುದಿಲ್ಲ.

ನಮ್ಮ ಇನ್ನೊಂದು ಸಮಸ್ಯೆ, ಬರೆದದ್ದೆಲ್ಲ ಕನ್ನಡದಲ್ಲಿ. ಇಪ್ಪತ್ತು ವರದಿಯ ಜೆರಾಕ್ಸ್ ಕೊಟ್ಟರೆ ಅಧಿಕಾರಿಗೆ ಅದು ಇಪ್ಪತ್ತು ಹಾಳೆ ಚಿತ್ರ, ಅಷ್ಟೆ. ಹೋಗುತ್ತಿರುವ ವಿಷಯಕ್ಕೆ ಹತ್ತಿರದ ನಾಲ್ಕೈದು ವರದಿ ಆರಿಸಿ, ಪೂರ್ತಿ ಅನುವಾದ ಮಾಡಿಸಿ. ಬ್ರಿಟನ್‌ಗಾದರೆ ಅನುವಾದದ ಕೆಳಗೆ "ಇದು ಮೂಲಕ್ಕೆ ಸರಿಯಾಗಿದೆ" ಅನ್ನುವ ಮಾತು, ತಾರೀಕು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕದ ವಿವರ ಎಲ್ಲ ಇರಲೇಬೇಕು. ಉಳಿದ ದೇಶಗಳಿಗೂ ಅದೇ ಮಾದರಿ ಇಟ್ಟುಕೊಂಡರೆ ತಲೆನೋವು ಇಲ್ಲ.

ಫ್ರೀಲಾನ್ಸ್ ಮಾಡುವವರಿಗೆ, ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಇದು ಕಷ್ಟದ ಜಾಗ. ಕಳಿಸಿದ್ದು ಯಾರು ಅಂದರೆ ನಾನೇ ಅನ್ನಬೇಕು. ಅಮೆರಿಕ ಐ ವೀಸಾಗೆ ಫ್ರೀಲಾನ್ಸರ್‌ಗಳಿಂದ ಸುದ್ದಿಸಂಸ್ಥೆಯ ಜೊತೆಗಿನ ಕರಾರು ಕೇಳುತ್ತದೆ. ಹಾಗಾಗಿ ಹೊರಡುವ ಮೊದಲೇ ಒಂದು ಪತ್ರಿಕೆಯಿಂದಲೋ ಪೋರ್ಟಲ್‌ನಿಂದಲೋ "ಈ ಸರಣಿಯನ್ನು ಇವರಿಂದ ತಗೊಳ್ಳುತ್ತೇವೆ, ಇಷ್ಟು ಹಣ ಕೊಡುತ್ತೇವೆ" ಅನ್ನುವ ಕಾಗದ ಮಾಡಿಸಿಕೊಳ್ಳಿ. ಬಾಯಿಮಾತಿನಲ್ಲಿ "ಕಳ್ಸು ಗುರೂ, ಹಾಕೋಣ" ಅಂದದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಮಾತು, ಐ ವೀಸಾ ಸುದ್ದಿಗೆ ಮತ್ತು ಮಾಹಿತಿಯ ಕೆಲಸಕ್ಕೆ ಮಾತ್ರ. ಜಾಹೀರಾತು, ಮನರಂಜನೆ, ರಿಯಾಲಿಟಿ ಶೋ ಚಿತ್ರೀಕರಣಕ್ಕೆ ಬೇರೆ ವೀಸಾ ಇದೆ.

ದುಡ್ಡಿನ ಪುರಾವೆ ಅಂದರೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ಮೂರು ವರ್ಷದ ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್. ನಮ್ಮ ಸಂಬಳಕ್ಕೆ ಐಟಿಆರ್ ಯಾಕೆ ಅಂತ ಬಿಟ್ಟವರು ಜಾಸ್ತಿ. ತೆರಿಗೆ ಸೊನ್ನೆ ಆದರೂ ಹಾಕಿಡಿ, ಒಂದು ದಿನ ಉಪಯೋಗಕ್ಕೆ ಬರುತ್ತದೆ. ಖರ್ಚು ಬೇರೆ ಸಂಸ್ಥೆ ಕೊಡುತ್ತಿದ್ದರೆ ಏನೇನು ಅವರದು, ಏನು ನಿಮ್ಮದು ಅಂತ ಅವರ ಪತ್ರದಲ್ಲೇ ಬರೆಸಿ. ಇಲ್ಲಿ ನಮ್ಮದೇ ಕಾನೂನು ಒಂದಿದೆ, ಎಷ್ಟೋ ಜನರಿಗೆ ತಿಳಿಯದು. 2010ರ ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ನೋಂದಾಯಿತ ಪತ್ರಿಕೆಗಳ ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು, ಸಂಪಾದಕರು, ಮಾಲೀಕರು ವಿದೇಶಿ ದೇಣಿಗೆ ತಗೊಳ್ಳಬಾರದು ಅನ್ನುತ್ತದೆ. ವಿದ್ಯಾರ್ಥಿವೇತನ, ಸ್ಟೈಪೆಂಡ್ ತರಹದ್ದಕ್ಕೆ ವಿನಾಯಿತಿ ಇದೆ. ಹೊರಗಿನ ಸಂಸ್ಥೆಯ ಗ್ರಾಂಟ್ ಸಿಕ್ಕಿತು ಅಂತ ಹೋಳಿಗೆ ಊಟ ಹಾಕಿಸುವ ಮೊದಲು ಒಬ್ಬ ಆಡಿಟರ್‌ಗೆ ಆ ಪತ್ರ ತೋರಿಸಿ.

ನನಗೆ ಸಿಗದ ವೀಸಾ

ಮಂಡ್ಯದ ಹಳ್ಳಿ ಡೇರಿಗಳ ಬಗ್ಗೆ ತುಂಬಾ ಬರೆದಿದ್ದೆ. ಯುರೋಪಿನ ಹೈನು ಸಹಕಾರ ಸಂಘಗಳು ಹೇಗೆ ನಡೆಯುತ್ತವೆ ನೋಡಿ ಹೋಲಿಸಿ ಒಂದು ಸರಣಿ ಬರೆಯೋಣ ಅಂತ ಷೆಂಗನ್ ವೀಸಾಗೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾಗೆ, ಹಾಕಿದೆ. ಯಾವ ದೇಶ ಅನ್ನುವುದು ಬೇಡ, ತಪ್ಪು ನನ್ನದೇ. ಸಂಪಾದಕರು "ಅಧ್ಯಯನ ಪ್ರವಾಸಕ್ಕೆ ಹೋಗುತ್ತಿದ್ದಾರೆ" ಅಂತ ಎರಡು ಸಾಲು ಬರೆದುಕೊಟ್ಟರು. ನಾನು ಅರ್ಜಿಯಲ್ಲಿ ಟೂರಿಸಂ ಅಂತ ಟಿಕ್ ಮಾಡಿದೆ, ಕೆಲಸ ಮಾತ್ರ ಪತ್ರಕರ್ತ ಅಂತ ಬರೆದೆ. ಪ್ರಯಾಣ ಒಂಬತ್ತು ದಿನ, ಇನ್ಶೂರೆನ್ಸ್ ಏಳು ದಿನಕ್ಕೆ. ಎಲ್ಲಕ್ಕಿಂತ ಚೆಂದ ಅಂದರೆ, ಅರ್ಜಿ ಹಾಕುವ ಮೂರು ದಿನ ಮುಂಚೆ ಭಾವನಿಂದ ಎರಡು ಲಕ್ಷ ತಂದು ಅಕೌಂಟಿಗೆ ಹಾಕಿಸಿದ್ದೆ. ಸ್ಟೇಟ್‌ಮೆಂಟ್‌ನಲ್ಲಿ ಐದಾರು ಸಾವಿರ, ಐದಾರು ಸಾವಿರ ಅಂತ ಹರಿದುಕೊಂಡು ಬಂದ ಲೆಕ್ಕ ಕೊನೆಗೆ ಕನ್ನಂಬಾಡಿ ಗೇಟು ತೆಗೆದ ಹಾಗೆ ಉಕ್ಕಿತ್ತು.

ಪಾಸ್‌ಪೋರ್ಟ್ ವಾಪಸ್ ಬಂದಾಗ ಜೊತೆಗೊಂದು ಅಚ್ಚಾದ ಹಾಳೆ ಇತ್ತು. ಅದರಲ್ಲಿ ಕಾರಣಗಳ ಪಟ್ಟಿ, ಪಕ್ಕದಲ್ಲಿ ಟಿಕ್. ನನ್ನ ಟಿಕ್ ಬಿದ್ದದ್ದು ಪ್ರಯಾಣದ ಉದ್ದೇಶಕ್ಕೆ ಕೊಟ್ಟ ಮಾಹಿತಿ ನಂಬುವ ಹಾಗಿಲ್ಲ ಅನ್ನುವ ಅರ್ಥದ ಸಾಲಿಗೆ. ಬೇಜಾರಾಯಿತು, ಸಿಟ್ಟೂ ಬಂತು. ಒಂದು ವಾರ ಆದ ಮೇಲೆ ಅದೇ ಫೈಲನ್ನು ಬೇರೆಯವರ ಫೈಲು ಅಂತ ಅಂದುಕೊಂಡು ಓದಿದೆ. ನಾನೂ ಕೊಡುತ್ತಿರಲಿಲ್ಲ.

ಮೂರು ತಿಂಗಳು ಬಿಟ್ಟು ಮತ್ತೆ ಹಾಕಿದೆ. ಈ ಸಲ ಸಂಪಾದಕರ ಪೂರ್ತಿ ಪುಟದ ಪತ್ರ, ಅಲ್ಲಿನ ಸಹಕಾರ ಸಂಘದವರು "ಇಂಥ ದಿನ ಬನ್ನಿ, ತೋರಿಸುತ್ತೇವೆ" ಅಂತ ಬರೆದ ಪತ್ರ, ದಿನಕ್ಕೊಂದು ಸಾಲಿನ ಕಾರ್ಯಕ್ರಮ, ಡೇರಿ ಬಗ್ಗೆ ಬರೆದ ನಾಲ್ಕು ವರದಿಯ ಅನುವಾದ. ಅಕೌಂಟಿನಲ್ಲಿ ಇದ್ದಷ್ಟೇ ದುಡ್ಡು, ಉಳಿದದ್ದು ಪತ್ರಿಕೆ ಕೊಡುತ್ತದೆ ಅನ್ನುವ ಕಾಗದ. ಹಿಂದೆ ನಿರಾಕರಣೆ ಆಗಿದೆ ಅಂತ ನಾನೇ ಒಂದು ಪ್ಯಾರಾದಲ್ಲಿ ಹೇಳಿ, ಯಾಕೆ ಆಯಿತು ಅಂತಲೂ ಬರೆದೆ. ಹನ್ನೆರಡನೇ ದಿನ ವೀಸಾ ಬಂತು.

ಷೆಂಗನ್ ಲೆಕ್ಕ ಹೀಗೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿರಬಾರದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. 2024ರ ಜೂನ್‌ನಿಂದ ಫೀಸು 90 ಯೂರೋ, ವೀಸಾ ಸಿಗದಿದ್ದರೆ ಅದು ಹೋಯಿತು ಅಂತಲೇ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು, ಇರುವ ಎಲ್ಲ ದಿನಕ್ಕೂ. 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ನಾಲ್ಕು ದೇಶ ಸುತ್ತುವುದಾದರೆ ಯಾವ ದೇಶದಲ್ಲಿ ಜಾಸ್ತಿ ದಿನವೋ ಅಲ್ಲಿಯ ಕಾನ್ಸುಲೇಟ್‌ಗೆ ಅರ್ಜಿ. "ಆ ದೇಶದವರು ಬೇಗ ಕೊಡ್ತಾರಂತೆ" ಅಂತ ಏಜೆಂಟ್ ಹೇಳಿದ್ದಕ್ಕೆ ಬೇರೆ ಕಡೆ ಹಾಕಬೇಡಿ.

ನಿಮ್ಮ ಹೆಸರೇನು?

ಇದು ಉತ್ತರ ಭಾರತದವರಿಗೆ ಅರ್ಥವೇ ಆಗದ ಕಷ್ಟ. ನಮ್ಮ ಹೆಸರಿಗೆ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಆಗ ಊರಿನ ಹೆಸರು ಸರ್‌ನೇಮ್ ಆಗಿ ಕೂರುತ್ತದೆ. ಇನ್ನು ಬೈಲೈನ್ ಬೇರೆ. ಕೆಲವರು ಮದ್ದೂರು, ನಾಗಮಂಗಲ ಅಂತ ಊರನ್ನು ಹಿಂದೆ ಹಚ್ಚಿಕೊಂಡಿರುತ್ತಾರೆ, ಕೆಲವರಿಗೆ ಕಾವ್ಯನಾಮವೇ ಹೆಸರು. ಪಾಸ್‌ಪೋರ್ಟ್‌ನಲ್ಲಿ ಒಬ್ಬ, ಪ್ರೆಸ್ ಕಾರ್ಡ್‌ನಲ್ಲಿ ಇನ್ನೊಬ್ಬ, ವರದಿಯಲ್ಲಿ ಮೂರನೆಯವನು. ಅಧಿಕಾರಿ ಕಣ್ಣಿಗೆ ಮೂರು ಜನ.

ಸಂಪಾದಕರ ಪತ್ರದಲ್ಲಿ ಒಂದೇ ಸಾಲು ಸೇರಿಸಿ: ಪಾಸ್‌ಪೋರ್ಟ್‌ನಲ್ಲಿ ಇಂಥ ಹೆಸರಿನವರು ನಮ್ಮ ಪತ್ರಿಕೆಯಲ್ಲಿ ಇಂಥ ಹೆಸರಿನಲ್ಲಿ ಬರೆಯುತ್ತಾರೆ, ಇಬ್ಬರೂ ಒಬ್ಬರೇ. ಸರ್‌ನೇಮ್ ಜಾಗ ಖಾಲಿ ಇದ್ದರೆ ಇನ್ನಷ್ಟು ಜಾಗ್ರತೆ ಬೇಕು. ಅಮೆರಿಕದ ಅರ್ಜಿಯಲ್ಲಿ ಒಂದೇ ಹೆಸರಿರುವವರು ಅದನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಮೊದಲ ಹೆಸರಿನ ಕಡೆ ಎಫ್‌ಎನ್‌ಯು ಅಂತ ತುಂಬಬೇಕು. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ, ನಮ್ಮಪ್ಪ ಕೇಳಿದರೆ ಎದ್ದು ಹೋಗುತ್ತಿದ್ದರು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂದಾಗ ದಕ್ಷಿಣದ ಎಷ್ಟೋ ಜನ ಕಂಗಾಲಾದರು. ಸಾಧ್ಯವಾದರೆ ಪಾಸ್‌ಪೋರ್ಟ್ ನವೀಕರಿಸುವಾಗಲೇ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ.

ಪಾಸ್‌ಪೋರ್ಟ್ ವಿಷಯದಲ್ಲಿ ಮೈಸೂರಿಗರು ಅದೃಷ್ಟವಂತರು. ದೇಶದಲ್ಲಿ ಮೊದಲು ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದದ್ದು ಇಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. 36 ಪುಟದ್ದು 1,500 ರೂಪಾಯಿ, 60 ಪುಟದ್ದು 2,000. ಪತ್ರಕರ್ತರು 60 ಪುಟದ್ದೇ ಮಾಡಿಸಿ, 500 ರೂಪಾಯಿಗೆ ಕಂಜೂಸು ಬೇಡ.

ಅಮೆರಿಕ, ಚೀನಾ, ಉಳಿದವರು

ಅಮೆರಿಕದ ಐ ವೀಸಾಗೆ ಡಿಎಸ್-160 ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕು, ಅರ್ಜಿ ಫೀಸು 185 ಡಾಲರ್. ಕಳೆದ ಐದು ವರ್ಷ ಬಳಸಿದ ಸೋಶಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತದೆ, ಮುಚ್ಚಿಡಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ಅವತ್ತಿನಿಂದಲೇ ಅಲ್ಲಿ ವೀಸಾ ಕೊಡಲು ಶುರುಮಾಡಲಿಲ್ಲ. ನಮ್ಮ ಕಡೆಯವರಿಗೆ ರೂಢಿಯಾದ ದಾರಿ ಚೆನ್ನೈ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಎರಡನ್ನೂ ಒಂದರ ಹಿಂದೆ ಒಂದು ದಿನ ಬುಕ್ ಮಾಡಿದರೆ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದು, ಎರಡು ದಿನದಲ್ಲಿ ಕೆಲಸ ಮುಗಿಸಬಹುದು. ಸಂದರ್ಶನಕ್ಕೆ ಫೋನ್ ಒಳಗೆ ಬಿಡುವುದಿಲ್ಲ, ಲಾಡ್ಜಿನಲ್ಲೇ ಬಿಟ್ಟು ಹೋಗಿ. ಕಿಟಕಿ ಆಚೆ ಇರುವವರು ಎರಡು ನಿಮಿಷ ಮಾತಾಡಿಸುತ್ತಾರೆ, ಕೇಳುವುದು ಅದೇ ಮೂರು ಪ್ರಶ್ನೆ. ಇಂಗ್ಲಿಷ್ ತಡವರಿಸಿದರೆ ಏನೂ ಆಗುವುದಿಲ್ಲ, ಯಾಕೆ ಹೋಗುತ್ತಿದ್ದೀರಿ ಅನ್ನುವುದಕ್ಕೆ ತಡವರಿಸಬಾರದು.

ಚೀನಾದಲ್ಲಿ ಎರಡು ಜೆ ವೀಸಾ ಇವೆ. ಅಲ್ಲೇ ನೆಲೆಸಿ ಕೆಲಸ ಮಾಡುವವರಿಗೆ ಜೆ-1, 180 ದಿನದ ಒಳಗಿನ ಸಣ್ಣ ಭೇಟಿಗೆ ಜೆ-2. ನಿಮ್ಮ ಸಂಪಾದಕರ ಪತ್ರ ಒಂದೇ ಸಾಲದು, ಅಲ್ಲಿನ ವಿದೇಶಾಂಗ ಇಲಾಖೆಯ ಮಾಹಿತಿ ವಿಭಾಗದಿಂದ ಒಪ್ಪಿಗೆಯ ಕಾಗದ ಬರಬೇಕು. ಅದು ಬರುವವರೆಗೆ ಟಿಕೆಟ್ ಮಾಡಬೇಡಿ. ಇಸ್ರೇಲ್‌ನಲ್ಲಿ ವೀಸಾ ಜೊತೆಗೆ ಸರ್ಕಾರಿ ಪ್ರೆಸ್ ಕಚೇರಿಯ ಕಾರ್ಡ್, ಉಕ್ರೇನ್‌ನಲ್ಲಿ ಯುದ್ಧದ ಜಾಗಗಳಿಗೆ ಸೇನೆಯ ಮಾನ್ಯತೆ, ಹೀಗೆ ವೀಸಾ ಮೇಲೆ ಇನ್ನೊಂದು ಪದರ ಇರುವ ದೇಶಗಳೂ ಇವೆ. ನೇಪಾಳಕ್ಕೆ ನಮಗೆ ವೀಸಾ ಬೇಡ. ಹಾಗಂತ ಚಿತ್ರೀಕರಣದ ಅನುಮತಿಯೂ ಬೇಡ ಅಂತಲ್ಲ.

ಕ್ರೀಡಾ ವರದಿಗಾರರು ಒಂದು ವಿಷಯ ಗಮನಿಸಿ. ಟೂರ್ನಿಯ ಮೀಡಿಯಾ ಅಕ್ರಿಡಿಟೇಷನ್, ಅಂದರೆ ಸಂಘಟಕರ ಮಾನ್ಯತೆ, ಸಿಕ್ಕಿದರೆ ಪ್ರೆಸ್ ಬಾಕ್ಸಿನಲ್ಲಿ ಕುರ್ಚಿ ಸಿಕ್ಕಿತು ಅಂತ ಅರ್ಥ, ವಿಮಾನ ನಿಲ್ದಾಣ ದಾಟಲು ವೀಸಾ ಬೇರೆ. ಇದಕ್ಕೆ ಒಲಿಂಪಿಕ್ಸ್ ಒಂದು ದೊಡ್ಡ ವಿನಾಯಿತಿ. ಅಲ್ಲಿನ ಅಕ್ರಿಡಿಟೇಷನ್ ಕಾರ್ಡ್ ಮತ್ತು ಪಾಸ್‌ಪೋರ್ಟ್ ಸೇರಿದರೆ ಸಾಮಾನ್ಯವಾಗಿ ಆ ದೇಶದೊಳಗೆ ಹೋಗುವ ದಾಖಲೆ ಆಗುತ್ತದೆ.

ಕ್ಯಾಮೆರಾ, ಬ್ಯಾಟರಿ, ಫೋನು

ವೀಸಾ ಬಂತು ಅಂತ ಕುಣಿಯುವಾಗ ಕಸ್ಟಮ್ಸ್ ಮರೆತುಹೋಗುತ್ತದೆ. ಬೆಲೆಬಾಳುವ ಕ್ಯಾಮೆರಾ, ಲೆನ್ಸ್ ತಗೊಂಡು ಹೋಗುವಾಗ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ವಸ್ತು ತೋರಿಸಿ, ಸೀರಿಯಲ್ ನಂಬರು ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ "ಇದನ್ನು ಅಲ್ಲಿ ಕೊಂಡಿದ್ದಾ?" ಅನ್ನುವ ಪ್ರಶ್ನೆಗೆ ಬಿಲ್ಲು ಹುಡುಕಬೇಕಾಗುತ್ತದೆ, ನಮ್ಮ ಕ್ಯಾಮೆರಾ ಬಿಲ್ಲು ಎಲ್ಲಿರುತ್ತದೆ ಹೇಳಿ. ಪೆಟ್ಟಿಗೆಗಟ್ಟಲೆ ಸಾಮಾನು ಇರುವ ಟಿವಿ ತಂಡಗಳು ಎಟಿಎ ಕಾರ್ನೆ, ಅಂದರೆ ಸಾಮಾನನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ದು ವಾಪಸ್ ತರುವ ದಾಖಲೆ, ಮಾಡಿಸುತ್ತವೆ. ಭಾರತದಲ್ಲಿ ಅದನ್ನು ವಾಣಿಜ್ಯೋದ್ಯಮಿಗಳ ಒಕ್ಕೂಟ ಫಿಕ್ಕಿ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಎಲ್ಲ ದೇಶಗಳೂ ಅದನ್ನು ಒಪ್ಪುವುದಿಲ್ಲ.

ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್‌ವರೆಗೆ ಸಾಮಾನ್ಯವಾಗಿ ಕೇಳುವುದಿಲ್ಲ, 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡೇ. ಡ್ರೋನ್ ಮನೆಯಲ್ಲಿರಲಿ. ಮೊರಾಕ್ಕೊ, ಈಜಿಪ್ಟ್‌ನಂಥ ಕಡೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಇಲ್ಲಿ ದಸರಾ ಮೆರವಣಿಗೆ ಮೇಲೆ ಡ್ರೋನ್ ಹಾರಿಸಲು ಎಷ್ಟು ಕಡೆ ಅನುಮತಿ ಕೇಳಬೇಕು ಅಂತ ಗೊತ್ತಿರುವವರಿಗೆ ಇದು ಹೊಸದೇನಲ್ಲ.

ಫೋನಿನ ಬಗ್ಗೆ ಮಾತ್ರ ನಿಧಾನವಾಗಿ ಯೋಚಿಸಿ. ಅಮೆರಿಕದ ಗಡಿ ಅಧಿಕಾರಿಗಳಿಗೆ ನಿಮ್ಮ ಫೋನ್, ಲ್ಯಾಪ್‌ಟಾಪ್ ತೆಗೆಸಿ ನೋಡುವ ಅಧಿಕಾರ ಇದೆ, ಬೇರೆ ಎಷ್ಟೋ ದೇಶಗಳಲ್ಲೂ ಇದೆ. ಊರಲ್ಲಿ ಮರಳು ದಂಧೆ, ಕಲ್ಲು ಗಣಿ ಬಗ್ಗೆ ಗುಟ್ಟಾಗಿ ಮಾಹಿತಿ ಕೊಟ್ಟವರ ಮೆಸೇಜು ಅದರಲ್ಲೇ ಇದ್ದರೆ, ಅದನ್ನು ಹೊತ್ತುಕೊಂಡು ಯಾಕೆ ಹೋಗಬೇಕು? ಹಳೆಯ ಫೋನೊಂದನ್ನು ಖಾಲಿ ಮಾಡಿ ಅದನ್ನೇ ಒಯ್ಯಿರಿ. ಗಲಭೆ, ಯುದ್ಧ ಇರುವ ಕಡೆಗೆ ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ಕೆಲಸಕ್ಕೆ ಬರುವುದಿಲ್ಲ, ಯುದ್ಧದಲ್ಲಾದ ನಷ್ಟಕ್ಕೆ ದುಡ್ಡು ಕೊಡುವುದಿಲ್ಲ ಅಂತ ಅದರ ಷರತ್ತಿನಲ್ಲೇ ಇರುತ್ತದೆ. ಗುಂಡು ನಿರೋಧಕ ಜಾಕೆಟ್, ಹೆಲ್ಮೆಟ್ ಕೊಳ್ಳಲು ಆಗದ ಫ್ರೀಲಾನ್ಸರ್‌ಗಳಿಗೆ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಅನ್ನುವ ಸಂಸ್ಥೆ ಎರವಲು ಕೊಡುತ್ತದೆ, ಮೊದಲೇ ಬರೆದು ಕೇಳಿ.

ಹೊರಡುವ ದಿನ

ಮೈಸೂರಿನಿಂದ ನೇರ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಇದೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರು ಬಾಗಿಲಿನವರೆಗೆ ಬೇಗ ತಲುಪುತ್ತೀರಿ, ಅಲ್ಲಿಂದ ಮುಂದೆ ದೇವರೇ ಗತಿ. ಎರಡು ಗಂಟೆ ಜಾಸ್ತಿ ಇಟ್ಟುಕೊಳ್ಳಿ, ಕಸ್ಟಮ್ಸ್ ಕೌಂಟರಿಗೂ ಹೊತ್ತು ಬೇಕು.

ಎಲ್ಲ ಪತ್ರಗಳ ಒಂದು ಸೆಟ್ ಕಾಗದದಲ್ಲಿ ಕೈಚೀಲದ ಮೇಲ್ಭಾಗದಲ್ಲಿರಲಿ. ಫೋನಿನಲ್ಲಿದೆ ಅಂದುಕೊಂಡರೆ ಅದು ಚಾರ್ಜು ಮುಗಿದಿರುತ್ತದೆ. ವೀಸಾ ಕೈಗೆ ಬಂದ ದಿನವೇ ಹೆಸರು, ಪಾಸ್‌ಪೋರ್ಟ್ ನಂಬರು, ತಾರೀಕು, ಎಷ್ಟು ಸಲ ಪ್ರವೇಶ ಅನ್ನುವುದನ್ನೆಲ್ಲ ಅಕ್ಷರ ಅಕ್ಷರ ನೋಡಿರಬೇಕು, ತಪ್ಪಿದ್ದರೆ ಇಲ್ಲೇ ತಿದ್ದಿಸುವುದು ಸುಲಭ. ಆಚೆ ಇಳಿದ ಮೇಲೆ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಅರ್ಜಿಯಲ್ಲಿ ಬರೆದದ್ದು, ಸಂದರ್ಶನದಲ್ಲಿ ಹೇಳಿದ್ದು, ಇಲ್ಲಿ ಹೇಳುವುದು ಒಂದೇ ಇರಬೇಕು. ಅವತ್ತು ಡೇರಿ ಅಂದರೆ ಇವತ್ತೂ ಡೇರಿ.

ನನ್ನನ್ನು ಅಲ್ಲಿಯ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಊರಲ್ಲಿ ಒಬ್ಬ ರೈತನ ಹತ್ತಿರ ಎಷ್ಟು ಹಸು ಇರುತ್ತವೆ ಅಂತ. ಎರಡು ಅಂದೆ. ಅವನು ನನ್ನ ಮುಖ ನೋಡಿ, ಸಂಪಾದಕರ ಪತ್ರವನ್ನು ಇನ್ನೊಂದು ಸಲ ಓದಿ, ಸೀಲು ಒತ್ತಿದ.